ಪಂಕ್ತಿಯಲ್ಲಿ ಯಾರ ಪಕ್ಕ ಯಾರು: ಧಾರವಾಡ ಸೀಮೆಯ ಬೋರ್ಡಿಂಗುಗಳ ಕಥೆ

1856ರ ಜೂನ್ ತಿಂಗಳಲ್ಲಿ ಧಾರವಾಡದ ಮಹಾರ ಸಮುದಾಯದ ಹುಡುಗನೊಬ್ಬ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಊರಿನ ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸಿಕೊಳ್ಳಿ ಎಂಬುದಷ್ಟೇ ಅವನ ಬೇಡಿಕೆ. ಆಮೇಲಿನ ವರದಿಗಳೆಲ್ಲ ಅವನನ್ನು 'ಧಾರವಾಡದ ಮಹಾರ ಹುಡುಗ' ಎಂದೇ ಕರೆದವು. ಆದರೆ ಅವನು ಎತ್ತಿದ ಪ್ರಶ್ನೆ ಮುಂಬಯಿಯಿಂದ ಕಲಕತ್ತೆಗೆ, ಕಲಕತ್ತೆಯಿಂದ ಲಂಡನ್ನಿಗೆ ಹೋಯಿತು.

ಮುಂಬಯಿ ಸರ್ಕಾರ ಜುಲೈ 21ರಂದು ಕೊಟ್ಟ ಉತ್ತರವನ್ನು ಇಂದು ಓದಿದರೂ ಮನಸ್ಸು ಕುದಿಯುತ್ತದೆ. ನ್ಯಾಯ ಹುಡುಗನ ಕಡೆಗಿದೆ ಎಂಬುದನ್ನು ಸರ್ಕಾರ ಅಲ್ಲಗಳೆಯಲಿಲ್ಲ. ಆದರೆ ಅವನನ್ನು ಒಳಗೆ ಬಿಟ್ಟರೆ ಉಳಿದವರು ಶಾಲೆ ಬಿಟ್ಟು ಹೋಗುತ್ತಾರೆ, ತಲೆತಲಾಂತರದಿಂದ ಬಂದ ಪೂರ್ವಗ್ರಹವನ್ನು ಒಬ್ಬನ ಸಲುವಾಗಿ ಮೀರಲಾಗದು ಎಂದು ಕೈ ತೊಳೆದುಕೊಂಡಿತು. 1857ರ ಜನವರಿಯಲ್ಲಿ ಭಾರತ ಸರ್ಕಾರ, ಬಂಗಾಳದ ಯಾವ ಸರ್ಕಾರಿ ಶಾಲೆಯಲ್ಲೂ ಇಂಥ ನಿರಾಕರಣೆ ನಡೆಯುತ್ತಿರಲಿಲ್ಲ ಎಂದು ಬರೆಯಿತು. 1858ರ ಏಪ್ರಿಲ್ 28ರಂದು ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ತೀರ್ಪು ಕೊಟ್ಟರು. 1882ರಲ್ಲಿ ನೇಮಕವಾದ ಹಂಟರ್ ಆಯೋಗವೂ ಅದನ್ನೇ ಎತ್ತಿಹಿಡಿದು, ಜಾತಿಯ ಕಾರಣಕ್ಕೆ ಯಾವ ಹುಡುಗನನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಬಾರದು ಎಂದಿತು.

ಹೀಗೆ ಶಾಲೆಯ ಬಾಗಿಲು ಕಾಗದದ ಮೇಲೆ ತೆರೆಯಿತು. ಆ ಬಾಗಿಲನ್ನು ದಾಟಿ ಬಂದ ಹುಡುಗ ಸಂಜೆಗೆ ಎಲ್ಲಿ ಉಳಿಯಬೇಕು, ಯಾರ ಮನೆಯಲ್ಲಿ ಉಣ್ಣಬೇಕು ಎಂಬುದನ್ನು ಯಾವ ಆಜ್ಞೆಯೂ ಹೇಳಿರಲಿಲ್ಲ. ನಮ್ಮ ಸೀಮೆಯಲ್ಲಿ ವಿದ್ಯೆಯ ನಿಜವಾದ ಇತಿಹಾಸ ಶುರುವಾಗುವುದು ಈ ಎರಡನೆಯ ಪ್ರಶ್ನೆಯಿಂದ ಎಂದು ನಾನು ನಂಬಿದ್ದೇನೆ. ಅದನ್ನು ಬಿಡಿಸಲು ಹೊರಟವರು ಮಠದವರು, ಮಿಷನ್ನಿನವರು, ಸಂಸ್ಥಾನಿಕರು, ರೈತರು ಮತ್ತು ಸ್ವತಃ ಅಸ್ಪೃಶ್ಯರು.

ಹತ್ತೊಂಬತ್ತನೆಯ ಶತಮಾನದ ಗದಗ ತಾಲ್ಲೂಕಿನ ಒಂದು ಹಳ್ಳಿಯನ್ನು, ಕಣಗಿನಹಾಳವನ್ನೇ, ಮನಸ್ಸಿಗೆ ತಂದುಕೊಳ್ಳಿ. ಗದಗ ಆಗ ಧಾರವಾಡ ಜಿಲ್ಲೆಯ ಭಾಗ. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಎರೆಹೊಲದ ಊರಿನ ಹುಡುಗ ಕನ್ನಡ ಶಾಲೆಯ ನಾಲ್ಕು ಇಯತ್ತೆ ಮುಗಿಸಿ ಮುಂದೆ ಓದಬೇಕೆಂದರೆ ಪಟ್ಟಣಕ್ಕೆ ಹೋಗಬೇಕು, ಕಾಲೇಜಿಗೆಂದರೆ ಕೊಲ್ಲಾಪುರ, ಪುಣೆ ಅಥವಾ ಮುಂಬಯಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಬಡ ಬ್ರಾಹ್ಮಣ ಹುಡುಗನಿಗೆ ಪಟ್ಟಣದಲ್ಲಿ ವಾರಾನ್ನದ ಏರ್ಪಾಡು ಇತ್ತು. ವಾರದ ಏಳು ದಿನ ಏಳು ಮನೆಗಳಲ್ಲಿ ಊಟ, ರಾತ್ರಿ ಗುಡಿಯಲ್ಲೋ ಪಡಸಾಲೆಯಲ್ಲೋ ನಿದ್ದೆ. ಅವಮಾನ, ಹಸಿವು ಅದರಲ್ಲೂ ಇದ್ದವು, ಹಾಗೆ ಓದಿದವರ ಬಾಳನ್ನು ಹಗುರಾಗಿ ಕಾಣುವಂತಿಲ್ಲ. ಆದರೂ ಅದೊಂದು ಆಸರೆ. ಒಕ್ಕಲಿಗರ ಹುಡುಗನಿಗೆ, ಕುರುಬರ, ನೇಕಾರರ ಹುಡುಗನಿಗೆ ಅಂಥದ್ದಿರಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ಕಟಕ ರೊಟ್ಟಿಯ ಬುತ್ತಿ ತೀರಿದ ಮೇಲೆ ಊರಿಗೆ ಹಿಂದಿರುಗಬೇಕಿತ್ತು. ಕೇರಿಯ ಹುಡುಗನಿಗೆ ಬುತ್ತಿ ಬಿಚ್ಚಲು ಕಟ್ಟೆಯೂ ಇರಲಿಲ್ಲ, ಕುಡಿಯಲು ಬಾವಿಯೂ ಇರಲಿಲ್ಲ.

ಮೊದಲಿಗೆ ಈ ಕೊರತೆಯನ್ನು ತುಂಬಲು ಬಂದವರು ಬಾಸೆಲ್ ಮಿಷನ್ನಿನವರು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದ ಅವರು ಶಾಲೆಗಳ ಜೊತೆಗೆ ಅನಾಥ ಮಕ್ಕಳಿಗೆ ಇರಲು ನೆಲೆಯನ್ನೂ ಮಾಡಿದರು. 1876ರಿಂದ ಎರಡು ವರ್ಷ ಈ ಸೀಮೆಯನ್ನು ಸುಟ್ಟ ಡೌಗಿ ಬರದಲ್ಲಿ ತಬ್ಬಲಿಯಾದ ಮಕ್ಕಳಿಗೆ ಆ ನೆಲೆಗಳು ಜೀವ ಉಳಿಸಿಕೊಟ್ಟವು. ಮತಾಂತರದ ಉದ್ದೇಶ ಅಲ್ಲಿ ಬಹಿರಂಗವಾಗಿಯೇ ಇತ್ತು, ಅದಕ್ಕೇ ಊರಿನ ದೊಡ್ಡವರು ದೂರ ನಿಂತರು. ಆದರೆ ಹೊಲೆಯ, ಮಾದಿಗ, ನೇಕಾರ ಎನ್ನದೆ ಮಕ್ಕಳನ್ನು ಒಂದೇ ಸೂರಿನಡಿ ಮಲಗಿಸಬಹುದು ಎಂಬುದನ್ನು ಈ ನೆಲದಲ್ಲಿ ಮೊದಲು ಮಾಡಿ ತೋರಿಸಿದ ಗೌರವವನ್ನು ಅವರಿಗೆ ಸಲ್ಲಿಸಲೇಬೇಕು.

ಮುಂದಿನ ದೊಡ್ಡ ತಿರುವು ಬಂದದ್ದು ಕೊಲ್ಲಾಪುರದಿಂದ. ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಬೆಳಗಾವಿ, ಧಾರವಾಡ ಕಡೆಯ ಕನ್ನಡ ಹುಡುಗರೂ ಓದುತ್ತಿದ್ದರು. ಆ ಸಂಸ್ಥಾನದ ಅರಸರಾದ ಶಾಹು ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ಸೇರಿ ಒಂದೇ ವಸತಿ ನಿಲಯ ನಡೆಸಲು ನೋಡಿದರು. ಅದರ ಪ್ರಯೋಜನ ಬಹುಪಾಲು ಬ್ರಾಹ್ಮಣ ವಿದ್ಯಾರ್ಥಿಗಳಿಗೇ ಸಿಕ್ಕಿತು, ಉಳಿದವರು ಒಳಗೆ ಕಾಲಿಡಲೇ ಇಲ್ಲ. ಆಗ ಅವರು ದಾರಿ ಬದಲಿಸಿದರು. 1901ರಲ್ಲಿ ಮರಾಠರಿಗೆ ವಿಕ್ಟೋರಿಯಾ ಬೋರ್ಡಿಂಗ್, ಅದೇ ವರ್ಷ ಜೈನರಿಗೆ ಒಂದು, 1906ರಲ್ಲಿ ಮುಸ್ಲಿಮರಿಗೆ, 1907ರಲ್ಲಿ ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಅವರ ಕಾಲ ಮುಗಿಯುವ ಹೊತ್ತಿಗೆ ಕೊಲ್ಲಾಪುರದಲ್ಲಿ ಇಪ್ಪತ್ತರಷ್ಟು ಬೋರ್ಡಿಂಗುಗಳಿದ್ದವು. ಜಾತಿಗೊಂದು ಹಾಸ್ಟೆಲ್ ಕಟ್ಟಿ ಜಾತಿಯನ್ನು ಬೆಳೆಸಿದರು ಎಂದು ಅವರನ್ನು ಟೀಕಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. 1896ರ ಆ ಮೊದಲ ಪ್ರಯತ್ನವನ್ನು ಮರೆತರೆ ಮಾತ್ರ ಆ ಟೀಕೆ ಸರಿಯೆನಿಸುತ್ತದೆ. ಎಲ್ಲರಿಗೂ ಎಂದು ಬಾಗಿಲು ತೆರೆದಿಟ್ಟರೂ ಮುಂಚೆಯೇ ಬಲವಿದ್ದವರು ಮಾತ್ರ ಒಳಗೆ ಬರುತ್ತಾರೆ ಎಂಬುದನ್ನು ಶಾಹು ಮಹಾರಾಜರು ಕಣ್ಣಾರೆ ಕಂಡು, ಆಮೇಲೆ ಬೇರೆ ದಾರಿ ಹಿಡಿದಿದ್ದರು.

1904ರಿಂದ 1909ರ ನಡುವೆ ನಮ್ಮ ಸೀಮೆಯಲ್ಲಿ ನಡೆದದ್ದನ್ನು ಒಟ್ಟಿಗೆ ನೋಡಿದರೆ ಬೆರಗಾಗುತ್ತದೆ. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ ವೀರಶೈವ ಮಹಾಸಭೆ ಧಾರವಾಡದಲ್ಲಿ ಕೂಡಿತು. ಅದರ ಅಧ್ಯಕ್ಷರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಅದೇ 1906ರಲ್ಲಿ, ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅಸ್ಪೃಶ್ಯರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. 1909ರಲ್ಲಿ ಬಾದಾಮಿಯ ಬಳಿ ವೀರಶೈವ ವಟುಗಳಿಗೆ ಕಲಿಸುವ ಶಿವಯೋಗಮಂದಿರ ಎದ್ದಿತು. ಇವೆಲ್ಲದರ ನಡುವೆ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು.

ಸಹಕಾರ ಸಂಘಕ್ಕೂ ಬೋರ್ಡಿಂಗಿಗೂ ಏನು ಸಂಬಂಧ ಎಂದು ಕೇಳಬಹುದು. 1904ರ ಸಹಕಾರ ಕಾಯ್ದೆಯಡಿ ಗ್ರಾಮೀಣ ಸಂಘದ ಸದಸ್ಯರಿಗೆ ಅಪರಿಮಿತ ಹೊಣೆ ಇತ್ತು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಸಾಹುಕಾರನ ಮುಂದೆ ಒಂಟಿಯಾಗಿ ನಿಂತಾಗ ಬೆಲೆಯಿಲ್ಲದ ರೈತ, ನಾಲ್ಕು ಜನರ ಜೊತೆ ನಿಂತಾಗ ನಂಬಿಕೆಗೆ ಅರ್ಹನಾದ. ಮಠದ ಬೋರ್ಡಿಂಗನ್ನು ನಡೆಸಿದ್ದೂ ಇದೇ ರೈತರ ಇಂಥದೇ ಒಡಂಬಡಿಕೆ. ಸುಗ್ಗಿಯಲ್ಲಿ ಕಣದಿಂದ ಚೀಲ ಜೋಳ, ಮನೆಯಾಕೆ ಬೀಸುವ ಮುನ್ನ ತೆಗೆದಿಟ್ಟ ಮುಷ್ಟಿ ಕಾಳು, ಜಾತ್ರೆಯಲ್ಲಿ ಜೋಳಿಗೆಗೆ ಬಿದ್ದ ದುಡ್ಡು. ಯಾರ ಮಗನೋ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಓದಲು ತನ್ನ ಕಣದ ಜೋಳ ಹೋಗುತ್ತದೆ ಎಂಬುದು ಆ ರೈತನಿಗೆ ಗೊತ್ತಿತ್ತು.

ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಉಚಿತ ಪ್ರಸಾದ ನಿಲಯವನ್ನು ನಡೆಸಿದರು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಲ್ಲೂ ಇಂಥ ನಿಲಯಗಳು ಬೆಳೆದವು. ದಕ್ಷಿಣದಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಆರಂಭವಾದ ವಿದ್ಯಾರ್ಥಿ ನಿಲಯ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳನ್ನು ಜಾತಿ ಕೇಳದೆ ಸಾಕುವ ಮಹಾ ಮನೆಯಾಯಿತು. ಗದಗ ತಾಲ್ಲೂಕಿನ ಹೊಂಬಳದ ಚೆನ್ನವೀರ ಕಣವಿಯವರು ಓದಿದ್ದು ಮುರುಘಾಮಠದ ಆಸರೆಯಲ್ಲಿ. ಇಪ್ಪತ್ತನೆಯ ಶತಮಾನದ ಉತ್ತರ ಕರ್ನಾಟಕದ ಮೇಷ್ಟ್ರು, ವಕೀಲ, ಸಾಹಿತಿ, ಮಾಮಲೇದಾರರಲ್ಲಿ ಎಷ್ಟು ಜನ ಪ್ರಸಾದ ನಿಲಯದ ಜೋಳದ ನುಚ್ಚು ಉಂಡು ಬೆಳೆದವರು ಎಂಬುದನ್ನು ಅವರ ಆತ್ಮಕಥೆಗಳೇ ಹೇಳುತ್ತವೆ. ಬೆಳಿಗ್ಗೆ ಬೇಗ ಎದ್ದು ಸ್ನಾನ, ಪೂಜೆ, ಪಾಳಿಯ ಮೇಲೆ ನೀರು ಸೇದುವುದು, ಕಸ ಹೊಡೆಯುವುದು, ಬಡಿಸುವುದು. ಗೌಡರ ಮಗನೂ ಕೂಲಿಕಾರನ ಮಗನೂ ಒಂದೇ ಸಾಲಿನಲ್ಲಿ ತಾಟು ಹಿಡಿದು ಕುಳಿತುಕೊಳ್ಳುವ ರೂಢಿ ಅಲ್ಲಿ ಬೆಳೆಯಿತು. ಹಳ್ಳಿಯ ಶ್ರೇಣಿಯನ್ನು ಅಷ್ಟರಮಟ್ಟಿಗೆ ಮುರಿದದ್ದು ಸಣ್ಣ ಮಾತಲ್ಲ.

ಆದರೆ ಆ ಸಾಲು ಎಲ್ಲಿಯವರೆಗೆ ಸಾಗುತ್ತಿತ್ತು? ಬಹುತೇಕ ನಿಲಯಗಳಲ್ಲಿ ಸಮುದಾಯದ ಗಡಿಯವರೆಗೆ ಮಾತ್ರ. ಲಿಂಗಾಯತರ ಬೋರ್ಡಿಂಗ್ ಲಿಂಗಾಯತರಿಗೆ, ಜೈನರದು ಜೈನರಿಗೆ, ಬ್ರಾಹ್ಮಣರ ವಿದ್ಯಾರ್ಥಿ ನಿಲಯದಲ್ಲಿ ಒಳಪಂಗಡಗಳಿಗೂ ಬೇರೆ ಬೇರೆ ಲೆಕ್ಕ. ಮೈಸೂರು ಸಂಸ್ಥಾನದಲ್ಲಿ ಒಕ್ಕಲಿಗರ, ಕುರುಬರ ಸಂಘಗಳು ಕಟ್ಟಿದ ಹಾಸ್ಟೆಲುಗಳದೂ ಇದೇ ಕಥೆ. ಹನ್ನೆರಡನೆಯ ಶತಮಾನದ ಶರಣರ ಹೆಸರಿನಲ್ಲಿ ದಾಸೋಹ ಮಾಡಿದ ನೆಲೆಗಳೇ ಮಾದಾರನ, ಹೊಲೆಯನ ಮಗನನ್ನು ಬಹುಕಾಲ ಒಳಗೆ ಕರೆಯದೆ ಇದ್ದದ್ದು ನನಗೆ ನೋವಿನ ಸಂಗತಿ. ಪ್ರಸಾದ ನಿಲಯಗಳ ಬಗ್ಗೆ ಅಭಿಮಾನ ಇರುವವರೇ ಇದನ್ನು ಗಟ್ಟಿಯಾಗಿ ಹೇಳಬೇಕು. ಮುಂದೆ ಹಲವು ಮಠಗಳು ಆ ಗಡಿಯನ್ನು ದಾಟಿದವು ಎಂಬುದೂ ಅಷ್ಟೇ ನಿಜ.

ಕೇರಿಯ ಮಕ್ಕಳಿಗಾಗಿ ಮೊದಲು ದುಡಿದವರ ಹೆಸರುಗಳನ್ನು ನಾವು ಇನ್ನೂ ಹೆಚ್ಚು ಬಾಯಿ ತುಂಬ ಹೇಳಬೇಕು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ ಶಾಲೆ, ವಸತಿ, ಕೈಗಾರಿಕೆ ಮೂರನ್ನೂ ಒಟ್ಟಿಗೆ ಕೊಟ್ಟರು. ತಮ್ಮ ಜಾತಿಯವರ ಬಹಿಷ್ಕಾರವನ್ನು ಅದಕ್ಕೆ ಬೆಲೆಯಾಗಿ ತೆತ್ತರು. ಶಿಂದೆಯವರ ಮಿಷನ್ನಿನ ಶಾಖೆ ಹುಬ್ಬಳ್ಳಿಯಲ್ಲೂ ತೆರೆಯಿತು. ಆದರೆ ಅಸ್ಪೃಶ್ಯ ವಿದ್ಯಾರ್ಥಿಯ ವಸತಿಯನ್ನು ದಯೆಯ ಮಾತಿನಿಂದ ಹಕ್ಕಿನ ಮಾತಿಗೆ ತಿರುಗಿಸಿದವರು ಬಾಬಾಸಾಹೇಬ್ ಅಂಬೇಡ್ಕರ್.

ಓದುವವನಿಗೆ ಇರಲು ಒಂದು ಕೋಣೆ ಸಿಗುವುದು, ಸಿಗದಿರುವುದು ಎಂದರೇನು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಮೊದಲು ಹಾರ್ಟ್ಲಿ ಹಾಲ್ ಎಂಬ ವಿದ್ಯಾರ್ಥಿ ನಿಲಯದಲ್ಲಿ ಇಳಿದರು. ಆಮೇಲೆ ಲಿವಿಂಗ್ಸ್ಟನ್ ಹಾಲಿನಲ್ಲಿ ನವಲ್ ಭಟೇನಾ ಎಂಬ ಪಾರಸಿ ವಿದ್ಯಾರ್ಥಿಯ ಜೊತೆ ಕೋಣೆ ಹಂಚಿಕೊಂಡರು. ಆ ಕೋಣೆಯ ಗೆಳೆತನ ಬಾಳಿಡೀ ಉಳಿಯಿತು. ಮುಂದೆ ಲಂಡನ್ನಿನ ಓದಿಗೆ ದುಡ್ಡು ಸಾಲದಾದಾಗ ನೆರವಿಗೆ ನಿಂತವರು ಅದೇ ಭಟೇನಾ. 1917ರಲ್ಲಿ ಅಂಬೇಡ್ಕರರು ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಇಡೀ ಊರಿನಲ್ಲಿ ಅವರಿಗೆ ಇರಲು ಜಾಗ ಸಿಗಲಿಲ್ಲ. ಜಾತಿ ಮರೆಸಿ ಒಂದು ಪಾರಸಿ ವಸತಿಗೃಹದಲ್ಲಿ ಉಳಿದರು. ಕೆಲವೇ ದಿನಗಳಲ್ಲಿ ಗುಟ್ಟು ಬಯಲಾಗಿ, ಬಡಿಗೆ ಹಿಡಿದು ಬಂದ ಪಾರಸಿಗಳ ಗುಂಪು ಅವರನ್ನು ಹೊರಹಾಕಿತು. ಒಬ್ಬ ಪಾರಸಿಯೊಡನೆ ಕೋಣೆ ಹಂಚಿಕೊಂಡು ಬಾಳಿನ ಗೆಳೆಯನನ್ನು ಪಡೆದ ವಿದ್ವಾಂಸನನ್ನು, ನಾಲ್ಕು ವರ್ಷ ಕಳೆದ ಮೇಲೆ ಬೇರೆ ಪಾರಸಿಗಳು ಬೀದಿಗೆ ತಳ್ಳಿದರು. ಜೊತೆಗೆ ಬದುಕಿದವರಿಗೂ ಬದುಕದವರಿಗೂ ಎಷ್ಟು ಅಂತರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

1924ರಲ್ಲಿ ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆ ಹುಟ್ಟಿತು. ಅದು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿ ನಿಲಯ. ಕನ್ನಡ, ಮರಾಠಿ ಎರಡೂ ಉಸಿರಾಡುವ ಊರು ಅದು. 1928ರಲ್ಲಿ ಅಂಬೇಡ್ಕರರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, ಮುಂಬಯಿ ಸರ್ಕಾರದ ಅನುದಾನದಿಂದ ಪ್ರಾಂತದ ಬೇರೆ ಬೇರೆ ಊರುಗಳಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಹಾಸ್ಟೆಲುಗಳನ್ನು ನಡೆಸಲು ಮುಂದಾದರು. ಕನ್ನಡ ಜಿಲ್ಲೆಗಳ ಪಾಲಿಗೆ ಬಂದದ್ದು ಧಾರವಾಡದ ಹಾಸ್ಟೆಲ್. 1929ರ ಹೊತ್ತಿಗೆ ಅದು ಕೆಲಸ ಆರಂಭಿಸಿತು. ಧಾರವಾಡದ ಕೊಪ್ಪದಕೇರಿಯಲ್ಲಿರುವ ಬುದ್ಧರಕ್ಖಿತ ವಸತಿ ಶಾಲೆಯ ಮೂಲ ಇದೇ. ನಿಪ್ಪಾಣಿಯ ಬಲವಂತರಾವ್ ವರಾಳೆಯವರು ಅದರ ಮೇಲ್ವಿಚಾರಕರಾಗಿ, ಬಾಬಾಸಾಹೇಬರ ಒಡನಾಡಿಯಾಗಿ ಆ ಮಕ್ಕಳನ್ನು ನೋಡಿಕೊಂಡರು.

ಅದೇ 1928ರ ಮೇ ತಿಂಗಳಲ್ಲಿ ಅಂಬೇಡ್ಕರರು ಸೈಮನ್ ಆಯೋಗಕ್ಕೆ, ಮುಂಬಯಿ ಪ್ರಾಂತದ ಅಸ್ಪೃಶ್ಯರ ವಿದ್ಯೆಯ ಸ್ಥಿತಿ ಕುರಿತು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಒಂದು ಹೇಳಿಕೆ ಸಲ್ಲಿಸಿದರು. ಅದರಲ್ಲಿ 1856ರ ಧಾರವಾಡದ ಹುಡುಗನ ಅರ್ಜಿಯ ಕಥೆಯನ್ನು, ಅದಕ್ಕೆ ಸಿಕ್ಕ ಉತ್ತರವನ್ನು ದಾಖಲೆ ಸಮೇತ ಬಿಡಿಸಿಟ್ಟರು. ಆ ಹುಡುಗನನ್ನು ಹೊರಗೆ ನಿಲ್ಲಿಸಿದ ಊರಿನಲ್ಲೇ ಅವರ ಸಂಸ್ಥೆಯ ಹಾಸ್ಟೆಲ್ ಎದ್ದಿತು. ಅರ್ಜಿಗೂ ಆ ಸೂರಿಗೂ ನಡುವೆ ಎಪ್ಪತ್ತಮೂರು ವರ್ಷ. ಧಾರವಾಡದ ವಿದ್ಯಾಭಿಮಾನದ ಚರಿತ್ರೆಯನ್ನು ಬರೆಯುವವರು ಕರ್ನಾಟಕ ಕಾಲೇಜಿನ ಕಟ್ಟಡವನ್ನು ಕೊಂಡಾಡುತ್ತಾರೆ, ವಿದ್ಯಾವರ್ಧಕ ಸಂಘವನ್ನು ಕೊಂಡಾಡುತ್ತಾರೆ, ಎರಡೂ ಯೋಗ್ಯವೇ. ಕೊಪ್ಪದಕೇರಿಯ ಹೆಸರು ಅವುಗಳ ಸಾಲಿನಲ್ಲೇ ಬರಬೇಕು.

ಹೆಣ್ಣುಮಕ್ಕಳಿಗೆ ಇರಲು ನೆಲೆ ಸಿಕ್ಕದ್ದು ಇನ್ನೂ ತಡವಾಗಿ. ಬಾಲವಿಧವೆಯಾಗಿದ್ದ ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ಧಾರವಾಡದಲ್ಲಿ ವನಿತಾ ಸೇವಾ ಸಮಾಜವನ್ನು ಕಟ್ಟಿ, ತಲೆಬೋಳಿಸಿ ಮೂಲೆಗೆ ಕೂರಿಸಿದ್ದ ಹೆಣ್ಣುಮಕ್ಕಳಿಗೆ ಓದು, ವಸತಿ, ಕೈಕೆಲಸ ಕೊಟ್ಟರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿ 1930ರ ದಶಕದಲ್ಲಿ ಹರಿಜನ ಬಾಲಿಕಾಶ್ರಮವನ್ನು ಆರಂಭಿಸಿದರು. ಮೇಲುಜಾತಿಯ, ಅನುಕೂಲಸ್ಥ ಮನೆತನದ ಹೆಣ್ಣುಮಗಳೊಬ್ಬಳು ಕೇರಿಯ ಹುಡುಗಿಯರ ತಲೆ ಬಾಚಿ, ಊಟ ಬಡಿಸಿ, ಜೊತೆಗೇ ಬದುಕುವುದು ಅಂದಿನ ಹುಬ್ಬಳ್ಳಿಗೆ ಸಣ್ಣ ಆಘಾತವಲ್ಲ. ಗಂಡುಹುಡುಗರ ಬೋರ್ಡಿಂಗುಗಳಿಗೆ ಬಂದ ಜೋಳದ ಚೀಲಗಳು ಈ ಮನೆಗಳಿಗೆ ಅಷ್ಟು ಸುಲಭವಾಗಿ ಬರಲಿಲ್ಲ.

ಗದಗಿನ ಮಾತಿಗೆ ಬರೋಣ. ಭಿನ್ನರಾದವರೆಲ್ಲ ಒಂದೇ ಸೂರಿನಡಿ ಬದುಕಿ ಕಲಿಯುವುದು ಹೇಗೆ ಎಂಬ ಪ್ರಶ್ನೆಗೆ ಈ ಊರು ಕೊಟ್ಟ ಉತ್ತರ ವೀರೇಶ್ವರ ಪುಣ್ಯಾಶ್ರಮ. ಕರ್ನಾಟಕದಲ್ಲಿ ಅಂಥ ಇನ್ನೊಂದು ಉತ್ತರವನ್ನು ನಾನು ಕಂಡಿಲ್ಲ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಕುರುಡ, ಅವನ ಅಣ್ಣನೂ ಕುರುಡ. ಹಳ್ಳಿಯಲ್ಲಿ ಕಣ್ಣಿಲ್ಲದ ಮಗುವಿಗೆ ಅಂದು ಇದ್ದ ಬಾಳು ಭಿಕ್ಷೆಯದು. ಹಾನಗಲ್ಲ ಕುಮಾರಸ್ವಾಮಿಗಳು ಅಣ್ಣತಮ್ಮಂದಿರ ಕಂಠ ಕೇಳಿ ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ ಸಂಗೀತವನ್ನು ಮೈಸೂರಿನಲ್ಲಿ ಕಲಿತರು. ಹಿಂದುಸ್ತಾನಿಯನ್ನು ನೀಲಕಂಠಬುವಾ ಮಿರಜಕರರಲ್ಲೂ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲೂ ಕಲಿತರು. ವೀರಶೈವ ಮಠದ ಶಿಷ್ಯ ಮುಸ್ಲಿಂ ಉಸ್ತಾದರ ಮುಂದೆ ಕುಳಿತು ಪಡೆದ ವಿದ್ಯೆ ಅದು. ಅದನ್ನು ಅವರು ತಮ್ಮ ಹಾಗೆಯೇ ಕಣ್ಣಿಲ್ಲದ, ತಂದೆತಾಯಿ ಇಲ್ಲದ ಮಕ್ಕಳಿಗೆ ಹಂಚಲು ಹೊರಟರು.

1914ರಿಂದ ಅವರ ಪಾಠಶಾಲೆ ಊರೂರು ಸಂಚರಿಸುತ್ತಿತ್ತು. ಗುರುವೂ ಶಿಷ್ಯರೂ ಒಂದು ಊರಿನಲ್ಲಿ ಬೀಡುಬಿಟ್ಟು, ಹಾಡಿ, ಉಂಡು, ಮುಂದಿನ ಊರಿಗೆ ಹೊರಡುವುದು. ಖರ್ಚು ತೂಗಿಸಲು ನಾಟಕ ಕಂಪನಿ ಕಟ್ಟಿದರು. ಸಾಲ ಮೈಮೇಲೆ ಬಂದರೂ ಶಿಷ್ಯರನ್ನು ಬಿಡಲಿಲ್ಲ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟು ನೆಲೆ ನಿಲ್ಲಿಸಿದರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಹೊಣೆ ಹೊತ್ತವರು ಮತ್ತೊಬ್ಬ ಅಂಧ ಶಿಷ್ಯ, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. 2010ರಲ್ಲಿ ಪದ್ಮಭೂಷಣ ಬಂದ ವರ್ಷವೇ, ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಅಷ್ಟರಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ಆಶ್ರಮವನ್ನು ನಡೆಸಿದ್ದರು.

ಈ ಆಶ್ರಮದ ವಿಶೇಷ ಎಲ್ಲಿದೆ? ಅಂಧರನ್ನು ಬೇರೆ ಕೂರಿಸಿ ಕನಿಕರ ತೋರುವ ಮನೆ ಇದಲ್ಲ. ಕಣ್ಣಿಲ್ಲದವರೇ ಕಟ್ಟಿದ, ಕಣ್ಣಿಲ್ಲದವರೇ ಯಜಮಾನರಾಗಿ ನಡೆಸಿದ ಮನೆಗೆ ಕಣ್ಣಿದ್ದವರೂ ಬಂದು ವಿದ್ಯಾರ್ಥಿಗಳಾದರು. ಕಲಿಕೆ ಕಿವಿಯಿಂದ, ಬಾಯಿಪಾಠದಿಂದ. ಹಾಗಾಗಿ ಅಲ್ಲಿ ಕಣ್ಣಿಲ್ಲದ ಹುಡುಗ ಹಿಂದೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಜಾತಿ, ಮತ ಕೇಳದೆ ಊಟ, ವಸತಿ, ಪಾಠ ಎಲ್ಲ ಉಚಿತ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮುಂತಾದ ಗಾಯಕರು ಈ ಪರಂಪರೆಯವರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ, ತೊಗಲುಗೊಂಬೆ ಆಡಿಸುವ ಮನೆತನದ ಬಾಲಕನೊಬ್ಬನನ್ನು ಅವನ ಸೋದರಮಾವ ಬೆಳಗಲ್ಲು ವೀರಣ್ಣನವರು ತಂದು ಆಶ್ರಮಕ್ಕೆ ಬಿಟ್ಟರು. ಹನ್ನೊಂದು ಹನ್ನೆರಡು ವರ್ಷ ಅಲ್ಲಿಯೇ ಉಂಡು, ಮಲಗಿ, ಕಲಿತ ಆ ಬಾಲಕನೇ ಪಂಡಿತ ಎಂ. ವೆಂಕಟೇಶಕುಮಾರ್. ಆ ಕಾಲದಲ್ಲಿ ತಿಂಗಳ ಫೀ ಕೊಟ್ಟು ಪಟ್ಟಣದ ಉಸ್ತಾದರ ಬಳಿ ಕಲಿಯುವುದು ಅಂಥ ಮನೆಯ ಮಗನಿಗೆ ಕನಸಿನಲ್ಲೂ ಸಾಧ್ಯವಿರಲಿಲ್ಲ. ಹಿಂದುಸ್ತಾನಿ ಸಂಗೀತಕ್ಕೆ ಅವರು ದಕ್ಕಿದ್ದು ಗದಗಿನ ಒಂದು ಉಚಿತ ವಸತಿಯಿಂದ. ಸಮಾನ ಅವಕಾಶ ಕೊಟ್ಟರೆ ಗುಣಮಟ್ಟ ಕುಸಿಯುತ್ತದೆ ಎಂದು ವಾದಿಸುವವರಿಗೆ ನಾನು ಪುಣ್ಯಾಶ್ರಮದ ಶಿಷ್ಯರ ಪಟ್ಟಿಯನ್ನು ತೋರಿಸುತ್ತೇನೆ.

ಸ್ವಾತಂತ್ರ್ಯದ ನಂತರದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. ಹಳ್ಳಿಯ ಹುಡುಗನಿಗೆ ಎಂ.ಎ. ಹತ್ತಿರವಾಯಿತು. 1970ರ ದಶಕದಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ಹಾಸ್ಟೆಲನ್ನು ಸರ್ಕಾರದ ಮುಖ್ಯ ಕೆಲಸಗಳಲ್ಲಿ ಒಂದಾಗಿಸಿದರು. 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಮಠವೂ ಇಲ್ಲದ, ಸಂಘವೂ ಇಲ್ಲದ, ಜೋಳಿಗೆ ಹಿಡಿಯುವ ಗುರುವೂ ಇಲ್ಲದ ನೂರಾರು ಸಣ್ಣ ಜಾತಿಗಳ ಮಕ್ಕಳಿಗೆ ತಾಲ್ಲೂಕು ಕೇಂದ್ರದಲ್ಲಿ ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ ಎಂಬ ಮನೆ ಸಿಕ್ಕಿದ್ದು ಆ ಮೇಲೆ. ಮಡಿವಾಳರ, ಉಪ್ಪಾರರ, ಹೆಳವರ ಮನೆಯ ಮೊದಲ ಪದವೀಧರರನ್ನು ಮಾತಾಡಿಸಿ ನೋಡಿ, ಅವರ ಕಥೆಯಲ್ಲಿ ಒಂದು ಸರ್ಕಾರಿ ಹಾಸ್ಟೆಲ್ ಬಾರದೆ ಇರುವುದಿಲ್ಲ. ಈ ಹಾಸ್ಟೆಲುಗಳಲ್ಲೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಒಂದು ಪಾಲನ್ನು ಬೇರೆ ಸಮುದಾಯದ ಮಕ್ಕಳಿಗೆ ಬಿಟ್ಟಿಡುವ ನಿಯಮ ತಂದದ್ದು ನಮ್ಮ ಸರ್ಕಾರಗಳು ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲಿ ಒಂದು. ಕೊಠಡಿಗಳಿಗಿಂತ ಅರ್ಜಿಗಳೇ ಹೆಚ್ಚಾದಾಗ, ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದ ವಿದ್ಯಾಸಿರಿ ಯೋಜನೆ 2013ರಲ್ಲಿ ಬಂತು. ಆ ನೆರವಿನಿಂದ ಓದು ಮುಂದುವರಿಯುತ್ತದೆ. ಆದರೆ ಬಾಡಿಗೆ ಕೋಣೆ ಹುಡುಕುವ ಹುಡುಗನಿಗೆ ಮನೆ ಮಾಲೀಕರು ಇಂದಿಗೂ ಮೊದಲು ಕೇಳುವುದು ಜಾತಿಯನ್ನು.

ವಿಶ್ವವಿದ್ಯಾಲಯಗಳ ಒಳಗೆ ಏನಾಗಿದೆ? ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಬೇರೆ ಕಟ್ಟಡ ಕಟ್ಟುವ ರೂಢಿ ಸೀಟು ಖಾತ್ರಿಪಡಿಸಲು ಬಂತು. 1896ರಲ್ಲಿ ಕೊಲ್ಲಾಪುರ ಕಲಿತ ಪಾಠದ ಪ್ರಕಾರ ಅದು ಬೇಕೂ ಇತ್ತು. ಆದರೆ ಹಾಗೆ ಬೇರೆಯಾದ ಕಟ್ಟಡ ಎಷ್ಟೋ ಕಡೆ ಶಾಶ್ವತ ಕೇರಿಯಾಗಿ ಉಳಿಯಿತು. ಎಲ್ಲರೂ ಒಂದೇ ಹಾಸ್ಟೆಲಿನಲ್ಲಿರುವ ದೊಡ್ಡ ಸಂಸ್ಥೆಗಳಲ್ಲಿ ಕೂಡ ಬೇರ್ಪಡಿಕೆ ಇನ್ನೊಂದು ರೂಪದಲ್ಲಿ ಬರುತ್ತದೆ. ದೆಹಲಿಯ ಏಮ್ಸ್ ಕುರಿತು 2007ರಲ್ಲಿ ಬಂದ ಥೋರಟ್ ಸಮಿತಿಯ ವರದಿ, ಹಾಸ್ಟೆಲ್ ಕೋಣೆಗಳಲ್ಲೂ ಮೆಸ್ಸಿನಲ್ಲೂ ದಲಿತ ವಿದ್ಯಾರ್ಥಿಗಳನ್ನು ದೂರ ಸರಿಸುತ್ತಿದ್ದುದನ್ನು ದಾಖಲಿಸಿತು. ಯುಜಿಸಿ 2012ರಲ್ಲಿ ತಂದ ಸಮಾನತೆಯ ನಿಯಮಾವಳಿ, ಹಾಸ್ಟೆಲು, ಮೆಸ್ಸು, ಓದುವ ಕೋಣೆಗಳಲ್ಲಿ ವಿದ್ಯಾರ್ಥಿಗಳನ್ನು ಬೇರ್ಪಡಿಸುವುದನ್ನು ತಾರತಮ್ಯ ಎಂದೇ ಹೆಸರಿಸಿತು. ಇದು 1858ರ ಲಂಡನ್ ಆದೇಶದ ಹಾಗೆಯೇ ಸರಿಯಾದ ಕಾಗದ. ಅದನ್ನು ಜಾರಿಗೆ ತರಬೇಕಾದವರು ವಾರ್ಡನ್, ಅಡುಗೆಯವರು, ಕೋಣೆಯ ಜೊತೆಗಾರರು.

ಕಣಗಿನಹಾಳದ ಹುಡುಗಿ ಇಂದು ಪದವಿಯ ಮೇಲಿನ ಓದಿಗೆ ಕೊಲ್ಲಾಪುರಕ್ಕೆ ಹೋಗಬೇಕಿಲ್ಲ. ಗದಗಿನ ಪಕ್ಕದ ನಾಗಾವಿಯಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅದು ಹೊಸದು, ಹಳೆಯ ರೂಢಿಗಳ ಭಾರ ಅದರ ಮೇಲಿಲ್ಲ. ಅದರ ಆಡಳಿತದವರಲ್ಲಿ, ನಮ್ಮ ಎಲ್ಲ ವಿಶ್ವವಿದ್ಯಾಲಯಗಳ ಕ್ಷೇಮಪಾಲಕರಲ್ಲಿ ನನ್ನ ಬೇಡಿಕೆ ಇಷ್ಟು. ಹಿಂದುಳಿದವರಿಗೆ ಸೀಟಿನ ಖಾತ್ರಿಯನ್ನು ಒಂದೂ ಕಡಿಮೆ ಮಾಡದೆ, ಕೋಣೆಗಳನ್ನು ಜಾತಿ ಮತ ಬೆರೆಸಿ ಹಂಚಿ. ಅಂಧ ವಿದ್ಯಾರ್ಥಿಗೆ, ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿನಿಗೆ ನೆಲಮಾಳಿಗೆಯ ಮೂಲೆ ಕೊಡದೆ ಎಲ್ಲರ ನಡುವೆ ಜಾಗ ಕೊಡಿ. ಅಡುಗೆಮನೆಗೆ ಎಲ್ಲ ಜಾತಿಯ ಅಡುಗೆಯವರನ್ನು ನೇಮಿಸಿ, ಅದಕ್ಕೆ ಅಡ್ಡಿ ಬಂದರೆ ಹಿಂದೆ ಸರಿಯಬೇಡಿ. ಹುಡುಗಿಯರ ಹಾಸ್ಟೆಲಿನ ಬಾಗಿಲು ಮುಚ್ಚುವ ಹೊತ್ತನ್ನೂ ಗ್ರಂಥಾಲಯದ ಬಾಗಿಲು ಮುಚ್ಚುವ ಹೊತ್ತನ್ನೂ ಒಟ್ಟಿಗೆ ಕೂರಿಸಿ ಯೋಚಿಸಿ.

ಪ್ರಸಾದ ನಿಲಯದಲ್ಲೋ ಸರ್ಕಾರಿ ಹಾಸ್ಟೆಲಿನಲ್ಲೋ ಉಂಡು ಓದಿ ಮೇಲೆ ಬಂದವರು ನಾಡಿನ ತುಂಬ ಇದ್ದಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ ಈ ವರ್ಷ ನಿಮ್ಮ ತಾಲ್ಲೂಕಿನ ಹಾಸ್ಟೆಲಿಗೆ ಊಟದ ಹೊತ್ತಿಗೆ ಹೋಗಿ, ಮಕ್ಕಳ ಜೊತೆ ಕುಳಿತು ಉಣ್ಣಿ. ಅನ್ನ ಹೇಗಿದೆ, ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ಯಾರು ಒಂಟಿಯಾಗಿದ್ದಾರೆ ಎಂಬುದನ್ನು ನೋಡಿ. ನೋಡಿದ್ದನ್ನು ಜಿಲ್ಲಾಧಿಕಾರಿಗಳಿಗೆ ಬರೆಯಿರಿ.